ಕಣದಿಂದ ಹನ್ನೆರಡು ಅಡಿ

ಬಣಕಲ್ ಹತ್ತಿರದ ಆ ಕಾಫಿ ತೋಟಕ್ಕೆ ನಾನು ಮೊದಲ ಸಲ ಹೋದದ್ದು ದೀಪಾವಳಿ ಕಳೆದ ಮೇಲೆ, ಹಣ್ಣಿನ ಕೊಯ್ಲು ಶುರುವಾಗುವ ಹೊತ್ತಿಗೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಿಂದಿನ ಕೆಲವು ವರ್ಷ ಕಾಫಿಗೆ ಒಳ್ಳೆಯ ಬೆಲೆ ಸಿಕ್ಕಿದ್ದರಿಂದ ಮೂಡಿಗೆರೆಯಿಂದ ಕಳಸದವರೆಗೆ ಎಲ್ಲಿ ನೋಡಿದರೂ ಹೊಸ ಮನೆಗಳು ಏಳುತ್ತಿದ್ದವು. ಚಿಕ್ಕಮಗಳೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿಯ ಹಿರಿಯ ಎಂಜಿನಿಯರರು ಈ ಮನೆಯನ್ನು ಪೂರ್ತಿಯಾಗಿ ನನ್ನ ಕೈಗೆ ಬಿಟ್ಟಿದ್ದರು. ಅಲ್ಲಿಯವರೆಗೆ ಬೇರೆಯವರ ಮನೆಗಳಿಗೆ ಕಿಟಕಿ, ಮೆಟ್ಟಿಲುಗಳನ್ನಷ್ಟೇ ಬರೆದಿದ್ದ ನನಗೆ ಅವರು ಕೊಟ್ಟ ಸಲಹೆ ಒಂದೇ: "ಅವರು ಏನು ಕೇಳ್ತಾರೋ ಅದನ್ನ ಬರ್ಕೊಡು. ತೋಟದವ್ರ ಹತ್ರ ವಾದಕ್ಕೆ ಇಳೀಬೇಡ."

ತೋಟದ ಯಜಮಾನರು ಏನು ಕೇಳುತ್ತಾರೆ ಎಂಬುದು ಮೊದಲ ಹತ್ತು ನಿಮಿಷದಲ್ಲೇ ಸ್ಪಷ್ಟವಾಯಿತು.

"ಮುಂದ್ಗಡೆ ಮಹಡಿ, ಮಹಡಿಗೊಂದು ಬಾಲ್ಕನಿ. ಕೆಳಗೆ ದೊಡ್ಡ ಜಗಲಿ. ಒಳಗೆ ಕೂತ್ರೂ ಹೊರಗೆ ಕೂತಂಗೆ ಇರ್ಬೇಕು ಮಾರಾಯ್ರೆ. ಮತ್ತೆ, ರೋಡಲ್ಲಿ ಹೋಗೋ ಬಸ್ಸಿಂದ ಕಾಣ್ಬೇಕು."

"ಬಸ್ಸಿನವರಿಗಾ ಮನೆ ಕಟ್ಟೋದು?" ಎಂದು ಒಳಗಿನಿಂದ ಒಂದು ಹೆಣ್ಣು ದನಿ ಕೇಳಿತು. ಕಾಫಿ ಲೋಟಗಳನ್ನು ಹಿಡಿದು ಮನೆಯೊಡತಿ ಬಂದರು, ಮೇಜಿನ ಮೇಲಿಟ್ಟು ಹೋದರು.

ಜಾಗ ಮೊದಲೇ ನಿಗದಿಯಾಗಿತ್ತು. ಕಾಫಿ ಒಣಗಿಸುವ ಕಣ, ಅಂದರೆ ಸಿಮೆಂಟು ಹಾಕಿದ ವಿಶಾಲವಾದ ಸಮತಟ್ಟು. ಅದರ ಉತ್ತರದಲ್ಲಿ ಸಣ್ಣ ಬಯಲು. ಆ ಬಯಲಿನ ಬೆನ್ನಿಗೆ ಗುಡ್ಡ. ಗುಡ್ಡಕ್ಕೂ ಕಣಕ್ಕೂ ನಡುವೆ ಮನೆ ಬರಬೇಕು. ಬೇರೆಲ್ಲಿ ಕಟ್ಟಿದರೂ ಕಾಫಿ ಗಿಡ ಕೀಳಬೇಕಾಗುತ್ತಿತ್ತು, ಆ ಮಾತನ್ನು ಯಜಮಾನರು ಆಡಲೂ ಬಿಡುತ್ತಿರಲಿಲ್ಲ. ಕುಟುಂಬ ಆಗ ಇದ್ದದ್ದು ಕಣದ ಪಶ್ಚಿಮದ ಒಂದು ಹಳೆಯ ಚಿಕ್ಕ ಮನೆಯಲ್ಲಿ. ಇಬ್ಬರು ಹೆಣ್ಣುಮಕ್ಕಳು ಚಿಕ್ಕಮಗಳೂರಿನ ಹಾಸ್ಟೆಲಿನಿಂದ ವಾರದ ಕೊನೆಗೆ ಬರುತ್ತಿದ್ದರು.

ಅಳತೆ ಮುಗಿಯುವಷ್ಟರಲ್ಲಿ ಬಸ್ಸು ತಪ್ಪಿದ್ದರಿಂದ ಅಲ್ಲಿಯೇ ಉಳಿದೆ. ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಮನೆಯೊಡತಿ ತಲೆಗೆ ಸ್ನಾನ ಮಾಡಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ಸಿಲ್ವರ್ ಓಕ್ ಮರಗಳ ಸಂದಿಯಿಂದ ಒಂದು ತುಂಡು ಬಿಸಿಲು ಅವರ ಬೆನ್ನ ಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಅದು ಸರಿಯಿತು. ಅವರು ಮಣೆಯನ್ನೂ ಸರಿಸಿದರು. ಮತ್ತೆ ಸರಿಯಿತು, ಮತ್ತೆ ಸರಿಸಿದರು. ಮೂರನೆಯ ಸಲ ಬಿಸಿಲು ಕೊಟ್ಟಿಗೆಯ ಗೋಡೆ ಏರಿತು. ಅವರು ಎದ್ದು ಕೂದಲು ಕಟ್ಟಿಕೊಂಡರು.

"ಕಣದಲ್ಲಿ ಅಷ್ಟೊಂದು ಬಿಸಿಲಿದೆಯಲ್ಲ" ಎಂದೆ.

"ಅದು ಕಾಫಿದು ಕಣಮ್ಮ" ಎಂದರು. "ನಾನು ಕಡೂರಿನ ಕಡೆಯೋಳು. ನಮ್ಮಲ್ಲಿ ಬಿಸ್ಲಿಗೆ ಹೆದ್ರಿ ಒಳಗೆ ಓಡ್ತಿದ್ವಿ. ಇಲ್ಲಿಗೆ ಬಂದ್ಮೇಲೆ ಅದರ ಹಿಂದೆ ಮಣೆ ಹಿಡ್ಕೊಂಡು ಓಡೋದಾಯ್ತು."

ನಾನು ಕಣದ ಕಡೆ ಹೋಗಿ ನಿಂತು ನೋಡಿದೆ. ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ಇಡೀ ತೋಟದಲ್ಲಿ ಆಕಾಶ ಪೂರ್ತಿ ತೆರೆದಿದ್ದ ಜಾಗವೆಂದರೆ ಕಣ ಒಂದೇ. ಆದರೆ ಅಲ್ಲಿ ಹಗಲೆಲ್ಲ ಹಣ್ಣು ಹರಡುವವರು, ಮೂಟೆ ಹೊರುವವರು, ಲೆಕ್ಕ ಬರೆಯುವ ರೈಟರ್, ಲಾರಿ ತಂದ ವ್ಯಾಪಾರಿಗಳು. ಶನಿವಾರ ಕೂಲಿ ಬಟವಾಡೆಗೆ ಇಡೀ ತೋಟದ ಆಳುಗಳು ಜಗಲಿಯ ಮುಂದೆ ಸೇರುತ್ತಿದ್ದರು. ಅಲ್ಲಿ ಮನೆಯ ಹೆಂಗಸೊಬ್ಬಳು ಕೂದಲು ಬಿಟ್ಟುಕೊಂಡು ಕೂರುವುದು ಸಾಧ್ಯವಿರಲಿಲ್ಲ. ಯಜಮಾನರು ಕೇಳಿದ ಜಗಲಿ, ಬಾಲ್ಕನಿಗಳೆಲ್ಲ ಆ ಕಣದ ಕಡೆಗೇ ಮುಖ ಮಾಡಿದ್ದವು. ಅವರು ಬಯಸಿದ ಹೊರಗು ಅವರೊಬ್ಬರಿಗೇ ಸಿಗುತ್ತಿತ್ತು. ಅವರ ಮಡದಿಗೆ ಉಳಿಯುವುದು ಗುಡ್ಡದ ನೆರಳಿನ ಹಿತ್ತಲು, ಈಗಿನ ಹಾಗೆಯೇ.

ಕಚೇರಿಗೆ ಮರಳಿ ನಕ್ಷೆಯನ್ನು ತಿರುಗಿಸಿ ಬರೆದೆ. ಕಣದ ಕಡೆಗೆ ಒಂದೇ ಅಂತಸ್ತಿನ ಮುಂಭಾಗ: ಜಗಲಿ, ಹಜಾರ, ಬಟವಾಡೆಗೊಂದು ಕೋಣೆ. ಮಹಡಿಯಿರುವ ಭಾಗ ಹಿಂದೆ, ಗುಡ್ಡದ ಕಡೆಗೆ: ಅಡುಗೆಮನೆ, ಊಟದ ಜಾಗ, ಮೇಲೆ ಮಲಗುವ ಕೋಣೆಗಳು. ಎರಡರ ನಡುವೆ, ಮುಂದಿನಿಂದ ಹಿಂದಕ್ಕೆ ಇಪ್ಪತ್ತೆರಡು ಅಡಿಯ ತೆರೆದ ಅಂಗಳ. ಹಿಂದಿನ ಭಾಗದ ಎಲ್ಲ ಬಾಗಿಲುಗಳೂ ಅಂಗಳಕ್ಕೆ ಮಡಚಿ ತೆರೆಯುತ್ತವೆ, ಊಟದ ಜಾಗದ ನೆಲವೂ ಅಂಗಳದ ನೆಲವೂ ಒಂದೇ ಕಲ್ಲಿನವು, ನಡುವೆ ಹೊಸ್ತಿಲಿಲ್ಲ, ನೀರು ಹೋಗಲು ಮುಚ್ಚಿದ ಕಾಲುವೆ ಮಾತ್ರ. ಕೊಯ್ಲಿನ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮುಂಭಾಗ ತಗ್ಗಾಗಿದ್ದರೆ ಅದರ ತಲೆಯ ಮೇಲಿಂದ ಬಿಸಿಲು ಅಂಗಳದ ಉತ್ತರದ ಅರ್ಧಕ್ಕೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೀಳುತ್ತದೆ. ಮುಂದೆ ಮಹಡಿ ಎದ್ದರೆ ಅಂಗಳ ಬಾವಿಯಾಗುತ್ತದೆ.

ಯಜಮಾನರು ನಕ್ಷೆಯನ್ನು ಅಂಗೈಯಿಂದ ಒರೆಸಿ ಒರೆಸಿ ನೋಡಿದರು.

"ಮೇಡಂ, ಇದು ಲೈನ್ ಮನೆ ಕಂಡಂಗೆ ಕಾಣ್ತದಲ್ಲ!"

ಲೈನ್ ಮನೆ ಎಂದರೆ ಕೂಲಿಯವರಿಗೆ ಸಾಲಾಗಿ ಕಟ್ಟುವ ತಗ್ಗಿನ ಮನೆಗಳು. ತೋಟದ ಧಣಿಯೊಬ್ಬರು ತಮ್ಮ ಮನೆಗೆ ಅದಕ್ಕಿಂತ ಕೆಟ್ಟ ಹೋಲಿಕೆ ಕೊಡಲಾರರು. ರೈಟರ್ ಬಾಯಿ ಮುಚ್ಚಿಕೊಂಡು ನಕ್ಕ. ನಾನು ವಾದ ಮಾಡಲಿಲ್ಲ. ಹಿಂದಿನ ಮಹಡಿ ಮುಂಭಾಗಕ್ಕಿಂತ ಎತ್ತರವಾಗಿ ನಿಲ್ಲುವುದನ್ನು, ಅದರ ಹೆಂಚಿನ ಮಾಡು ರಸ್ತೆಯಿಂದ ಕಾಣುವುದನ್ನು ಬೇರೊಂದು ಹಾಳೆಯಲ್ಲಿ ಬರೆದು ತೋರಿಸಿದೆ.

"ಬಸ್ಸಿಂದ ಕಾಣ್ತದಾ?"

"ಕಾಣ್ತದೆ."

"ಹಂಗಾದ್ರೆ ನೋಡುವ" ಎಂದರು. ಅಂಗಳ ಯಾರಿಗಾಗಿ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮನೆಯೊಡತಿ ಮಾತ್ರ ಅಂಗಳದ ಚೌಕದ ಮೇಲೆ ಬೆರಳಿಟ್ಟು, "ಇಲ್ಲಿ ಮೇಲೆ ಏನಿದೆ?" ಎಂದು ಕೇಳಿದರು. "ಏನೂ ಇಲ್ಲ" ಎಂದೆ. ಅವರು ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದರು.

ಡಿಸೆಂಬರಿನಲ್ಲಿ ಗುಡ್ಡ ಕಡಿಯುವ ಕೆಲಸ ಶುರುವಾಯಿತು. ಜೂನಿನ ಮಳೆಗೆ ಮೊದಲು ಮಾಡು ಮುಚ್ಚಬೇಕಾದರೆ ಅಷ್ಟು ಹೊತ್ತಿಗೆ ಪಾಯ ತೆಗೆಯಲೇಬೇಕು. ಹಿಂದಿನ ಭಾಗದ ಗೆರೆ ತಲುಪುವ ಮುಂಚೆಯೇ ಗುಡ್ಡದ ಬುಡದಲ್ಲಿ ಮಣ್ಣಿನ ಬಣ್ಣ ಬದಲಾಯಿತು. ಇನ್ನೊಂದಿಷ್ಟು ಅಗೆದಾಗ ನೀರು ಜಿನುಗಿತು. ಮರುದಿನದ ಹೊತ್ತಿಗೆ ಗುಂಡಿಯಲ್ಲಿ ಮೊಣಕಾಲಿನವರೆಗೆ ನೀರು ನಿಂತಿತ್ತು.

"ಜಲ ಎದ್ದಿದೆ" ಎಂದರು ಗಾರೆ ಮೇಸ್ತ್ರಿ. ಮಳೆ ನಿಂತು ಇಷ್ಟು ದಿನವಾದ ಮೇಲೂ ಹರಿಯುವ ಒರತೆ ಎಂದರೆ ಮಳೆಗಾಲದಲ್ಲಿ ಅದು ಏನಾಗಬಹುದು ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಅದನ್ನು ಕಟ್ಟಿ ನಿಲ್ಲಿಸುವುದು ಮೂರ್ಖತನ. ಗುಡ್ಡದ ಬುಡದಲ್ಲಿ ಕಲ್ಲು ತುಂಬಿದ ಚರಂಡಿ ತೆಗೆದು ನೀರನ್ನು ಪಕ್ಕದಲ್ಲಿ ಹರಿಯುವ ತೋಡಿಗೆ ಬಿಡಬೇಕು, ಹಿಂದಿನ ಗೋಡೆಯನ್ನು ಹನ್ನೆರಡು ಅಡಿ ಮುಂದಕ್ಕೆ ತರಬೇಕು. ಅಷ್ಟನ್ನು ನಾನು ಅಲ್ಲೇ ನಿಂತು ಹೇಳಿದೆ, ಎಲ್ಲರೂ ಒಪ್ಪಿದರು. ಆ ಹನ್ನೆರಡು ಅಡಿಯನ್ನು ಎಲ್ಲಿಂದ ಕಳೆಯಬೇಕು ಎಂಬುದರಲ್ಲೂ ಅವರಿಗೆ ಅನುಮಾನವಿರಲಿಲ್ಲ.

"ಮಧ್ಯದಲ್ಲಿ ಖಾಲಿ ಬಿಟ್ಟಿದ್ದೀರಲ್ಲ, ಅದನ್ನೇ ಕಮ್ಮಿ ಮಾಡಿ" ಎಂದರು ಮೇಸ್ತ್ರಿ.

"ಹೌದು ಮತ್ತೆ. ಹತ್ತಡಿ ಸಾಕಲ್ಲ ಒಂದು ತುಳಸಿಕಟ್ಟೆಗೆ" ಎಂದರು ಯಜಮಾನರು.

ಬಣಕಲ್ಲಿನ ಫೋನ್ ಬೂತಿನಿಂದ ಎಂಜಿನಿಯರರಿಗೆ ವಿಷಯ ತಿಳಿಸಿದೆ. ಅವರೂ ಅದನ್ನೇ ಹೇಳಿದರು. "ಅಂಗಳ ಕುಗ್ಗಿಸು, ಮುಗಿಸು. ಅವರಿಗೆ ಬೇಜಾರಾದ್ರೆ ಕೆಲಸ ಇನ್ನೊಬ್ರಿಗೆ ಹೋಗುತ್ತೆ. ಆಮೇಲೆ ಆ ಕಡೆ ಯಾರೂ ನಮ್ಮನ್ನ ಕರೆಯಲ್ಲ."

ಚಿಕ್ಕಮಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಹತ್ತು ಅಡಿಯ ಅಂಗಳದಲ್ಲಿ ಆ ತಿಂಗಳುಗಳ ಬಿಸಿಲು ನಟ್ಟನಡು ಹಗಲಿನಲ್ಲಿ ಹಿಂದಿನ ಗೋಡೆಯ ಬುಡ ಮುಟ್ಟಿ ಹೊರಟುಹೋಗುತ್ತದೆ. ಬೇಸಿಗೆಯಲ್ಲಿ, ಯಾರಿಗೂ ಬೇಡದಿದ್ದಾಗ, ತಲೆಯ ಮೇಲಿಂದ ಸುರಿಯುತ್ತದೆ. ಅದು ನೋಡಲು ಚೆನ್ನಾಗಿರುತ್ತದೆ, ಫೋಟೋದಲ್ಲೂ ಚೆನ್ನಾಗಿ ಬರುತ್ತದೆ. ಆದರೆ ಕೊಯ್ಲಿನ ಕಾಲದ ಚಳಿಯ ಬೆಳಿಗ್ಗೆ ಆ ಹೆಂಗಸು ಮತ್ತೆ ಕೊಟ್ಟಿಗೆಯ ಹಿಂದೆ ಮಣೆ ಹಿಡಿದು ಹೋಗುತ್ತಾರೆ. ಹಾಗಾದರೆ ನಾನು ಬರೆದದ್ದು ಮನೆಯಲ್ಲ, ಅಲಂಕಾರ.

ಹಿಂದಕ್ಕೆ ಜಾಗವಿಲ್ಲ. ನಡುವೆ ಕುಗ್ಗಿಸುವಂತಿಲ್ಲ. ಉಳಿದದ್ದು ಮುಂದೆ. ಅಲ್ಲಿದ್ದದ್ದು ಕಣ.

ತೋಟದವರಿಗೆ ಕಣ ಎಂದರೆ ಏನೆಂದು ನನಗೆ ಗೊತ್ತಿತ್ತು. ವರ್ಷದ ಫಸಲು ಪೂರ್ತಿ ಅದರ ಮೇಲೆ ಹಾದು ಹೋಗುತ್ತದೆ. ಚಪ್ಪಲಿ ಹಾಕಿಕೊಂಡು ಅದನ್ನು ದಾಟಿದರೂ ಬೈಸಿಕೊಳ್ಳಬೇಕು. ಬಸ್ಸು ಮೂಡಿಗೆರೆ ದಾಟುವ ಹೊತ್ತಿಗೆ ಕಣದಿಂದಲೇ ಹನ್ನೆರಡು ಅಡಿ ಕೇಳುವುದೆಂದು ತೀರ್ಮಾನಿಸಿದೆ. ಕೇಳಿದ ಮೇಲೆ ಕೊಡಲು ಏನಾದರೂ ಕೈಯಲ್ಲಿರಬೇಕಿತ್ತು. ಮುಂಭಾಗಕ್ಕೆ ಹೆಂಚಿನ ಬದಲು ತಾರಸಿ ಹಾಕಿದರೆ ಮಾಡಿನ ಎತ್ತರ ಇನ್ನೂ ತಗ್ಗುತ್ತದೆ, ಅಂಗಳಕ್ಕೆ ಬಿಸಿಲು ಹೆಚ್ಚುತ್ತದೆ. ಮತ್ತು ಆ ತಾರಸಿಯ ಮೇಲೆ ಒಣಗಿಸಬಹುದು.

ಮಾತಿನಿಂದ ಇದನ್ನು ಗೆಲ್ಲಲಾರೆ ಎಂದು ತಿಳಿದಿತ್ತು. ನನಗೆ ಮಾತು ಕಡಿಮೆ. ಆ ವಾರವೇ ಮರಳಿ ಹೋಗಿ, ಕಣದ ಒಂದು ಮೂಲೆಯನ್ನು ಒಂದು ದಿನದ ಮಟ್ಟಿಗೆ ಖಾಲಿ ಮಾಡಿಸಿ ಕೊಡಿ ಎಂದು ಕೇಳಿದೆ. ಯಜಮಾನರು ನನ್ನನ್ನು ವಿಚಿತ್ರವಾಗಿ ನೋಡಿದರು, ಆದರೆ ಕಾಫಿಯನ್ನು ಸರಿಸಲು ಹೇಳಿದರು.

ತಾರಸಿಯ ಎತ್ತರಕ್ಕೆ ಸರಿಯಾಗಿ ಎರಡು ಬಿದಿರಿನ ಗಳ ನೆಡಿಸಿ, ನಡುವೆ ಟಾರ್ಪಾಲು ಬಿಗಿದು ಕಟ್ಟಿಸಿದೆ. ಅದು ಮುಂಭಾಗದ ಹಿಂಗೋಡೆ. ಅದರಿಂದ ಉತ್ತರಕ್ಕೆ ಹತ್ತು ಅಡಿಗೆ ಸುಣ್ಣದ ಪುಡಿಯಲ್ಲಿ ಒಂದು ಗೆರೆ, ಇಪ್ಪತ್ತೆರಡು ಅಡಿಗೆ ಇನ್ನೊಂದು.

"ಎಂತ ಮೇಡಂ, ಸರ್ಕಸ್ ಕಂಪನಿ ಬರ್ತದಾ?" ಎಂದ ರೈಟರ್.

"ಬಂದಾಯ್ತಲ್ಲ, ನೀನೇ ಇದ್ದೀಯಲ್ಲ" ಎಂದರು ಮೇಸ್ತ್ರಿ. ಮೂಟೆ ಹೊರುತ್ತಿದ್ದವರೆಲ್ಲ ನಕ್ಕರು.

ಮಂಜು ಕರಗಿ ಬಿಸಿಲು ಬಂದಾಗ ಟಾರ್ಪಾಲಿನ ನೆರಳು ಕಣದ ಮೇಲೆ ಉದ್ದಕ್ಕೆ ಮಲಗಿತು. ಹತ್ತು ಅಡಿಯ ಗೆರೆ ನೆರಳಿನೊಳಗೆ ಪೂರ್ತಿ ಮುಳುಗಿತ್ತು. ಅದರಾಚೆ, ಎರಡು ಗೆರೆಗಳ ನಡುವೆ ಮಾತ್ರ ಬಿಸಿಲಿನ ಅಗಲವಾದ ಪಟ್ಟಿ.

"ನೋಡಿ" ಎಂದೆ. "ಇಲ್ಲಿಗೆ ಗೋಡೆ ಬಂದ್ರೆ ಮನೆಯೊಳಗೆ ಬಿಸಿಲಿಲ್ಲ. ಅಲ್ಲಿಗೆ ಬಂದ್ರೆ ಇದೆ. ಅದಕ್ಕೆ ಕಣದಿಂದ ಹನ್ನೆರಡಡಿ ಬೇಕು."

"ಬಿಸ್ಲು ಕಣದಲ್ಲಿ ಇದೆಯಲ್ಲ ಮೇಡಂ, ಬೇಕಾದಷ್ಟು. ಮನೆಯೊಳಗೆ ಯಾಕೆ?" ಯಜಮಾನರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಅಷ್ಟರಲ್ಲಿ ಹಳೆಯ ಮನೆಯ ಬಾಗಿಲು ತೆರೆಯಿತು. ಮನೆಯೊಡತಿ ಮಣೆ ಹಿಡಿದು ಕಣಕ್ಕೆ ಇಳಿದರು. ಯಾರ ಕಡೆಗೂ ನೋಡದೆ ನೇರ ಬಂದು ಎರಡು ಗೆರೆಗಳ ನಡುವಿನ ಬಿಸಿಲಿನಲ್ಲಿ ಮಣೆ ಇಟ್ಟು, ಬೆನ್ನು ಕೊಟ್ಟು ಕೂತರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಒದ್ದೆ ಕೂದಲನ್ನು ಬೆನ್ನಿನ ಮೇಲೆ ಹರಡಿದರು. ಕುಕ್ಕೆ ಹಿಡಿದಿದ್ದ ಆಳುಗಳು ನಿಂತಲ್ಲೇ ನಿಂತರು. ರೈಟರ್ ತಲೆ ತಗ್ಗಿಸಿದ.

"ಏನಿದು?" ಯಜಮಾನರು ತಗ್ಗಿದ ದನಿಯಲ್ಲಿ ಕೇಳಿದರು. "ಎಲ್ಲರೂ ಇದ್ದಾರೆ. ಒಳಗೆ ನಡಿ."

"ಒಳಗೇ ಇದ್ದೀನಲ್ಲ" ಎಂದರು ಅವರು. "ಗೆರೆ ನೋಡಿ."

ಯಜಮಾನರು ಗೆರೆ ನೋಡಿದರು. ಮಡದಿಯ ಬೆನ್ನು ನೋಡಿದರು. ಆಮೇಲೆ ಆಳುಗಳ ಕಡೆ ತಿರುಗಿ, "ಎಂತ ನೋಡ್ತೀರ? ಹೋಗಿ, ಕೆಲಸ ಇಲ್ವಾ!" ಎಂದು ಗದರಿಸಿದರು. ಎಲ್ಲರೂ ಚದುರಿದರು.

"ಇಪ್ಪತ್ತು ವರ್ಷ ಆಯ್ತು" ಎಂದರು ಮನೆಯೊಡತಿ, ಹಾಗೆಯೇ ಕೂತು. "ಕೊಟ್ಟಿಗೆ ಹಿಂದೆ ಕೂತು ಕೂತು ನಂಗೂ ಹಾಲು ಬರೋದೊಂದು ಬಾಕಿ."

ಯಜಮಾನರಿಗೆ ತಡೆಯಲಾಗಲಿಲ್ಲ, ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. "ಕಣ ಹನ್ನೆರಡಡಿ ಹೋದ್ರೆ ನಾನು ಎಲ್ಲಿ ಹರಡ್ಲಿ ಮೇಡಂ?"

ತಾರಸಿಯ ವಿಷಯ ಹೇಳಿದೆ. ಆ ಮನೆಯಲ್ಲಿ ಕಾಳುಮೆಣಸು ಒಣಗಿಸುವುದು ಮನೆಯೊಡತಿಯ ಕೆಲಸವಾಗಿತ್ತು, ಅದಕ್ಕೂ ಕಣದಲ್ಲಿ ಕಾಫಿಯ ಜೊತೆ ಜಗಳವಾಡಿ ಜಾಗ ಪಡೆಯಬೇಕಿತ್ತು. ಮೆಣಸು ಪೂರ್ತಿ ತಾರಸಿಗೆ ಹೋದರೆ ಕಣದಲ್ಲಿ ಕಳೆದುಕೊಂಡ ಜಾಗ ಅಷ್ಟಕ್ಕಷ್ಟೇ ಸರಿಹೋಗುತ್ತದೆ. ತಾರಸಿಗೆ ಮೆಟ್ಟಿಲು ಅಂಗಳದ ಒಳಗಿನಿಂದ ಮಾತ್ರ, ಹೊರಗಿನವರು ಹತ್ತುವಂತಿಲ್ಲ.

"ನಮ್ಮ ಮಳೆಗೆ ತಾರಸಿ ನಿಲ್ತದಾ? ಸುತ್ತ ಮುತ್ತ ತಾರಸಿ ಹಾಕ್ಸಿದವರೆಲ್ಲ ಒಳಗೆ ಬಕೆಟ್ ಇಟ್ಕೊಂಡು ಕೂತಿದ್ದಾರೆ."

"ನಿಲ್ಲಿಸ್ತೀನಿ" ಎಂದೆ. ಅಷ್ಟು ಖಚಿತವಾಗಿ ನಾನು ಅದುವರೆಗೆ ಯಾರಿಗೂ ಏನನ್ನೂ ಹೇಳಿರಲಿಲ್ಲ.

ಅಲ್ಲಿಂದ ಮುಂದಿನ ತಿಂಗಳುಗಳನ್ನು ನಾನು ಹೆಚ್ಚು ಕಡಿಮೆ ಆ ತಾರಸಿಯ ಮೇಲೆಯೇ ಕಳೆದೆ. ಸೋರುವ ತಾರಸಿಗಳನ್ನು ಹೋಗಿ ನೋಡಿಕೊಂಡು ಬಂದೆ. ಬಹುಪಾಲು ಕಡೆ ತಪ್ಪು ಒಂದೇ ಇತ್ತು. ಬಯಲುಸೀಮೆಯ ಇಳಿಜಾರನ್ನು ಮಲೆನಾಡಿನ ಮಳೆಗೆ ಕೊಟ್ಟಿದ್ದರು, ನೀರು ಹೋಗಲು ಒಂದೇ ಕೊಳವೆ ಬಿಟ್ಟಿದ್ದರು. ಎಲೆ ಬಿದ್ದು ಅದು ಕಟ್ಟಿದರೆ ತಾರಸಿ ಕೆರೆಯಾಗುತ್ತಿತ್ತು. ನಾನು ಇಳಿಜಾರನ್ನು ದುಪ್ಪಟ್ಟು ಮಾಡಿದೆ. ಕಾಂಕ್ರೀಟಿನ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆಯ ದಪ್ಪ ಹಾಸು ಹಾಕಿಸಿ, ಮರದ ಕೋಲಿನಿಂದ ಬಡಿಸಿದೆ. ನೀರನ್ನು ಕೊಳವೆಗೆ ಬಿಡದೆ, ಕಣದ ಕಡೆಯ ಅಂಚಿನುದ್ದಕ್ಕೂ ತೆರೆದು, ಕೆಳಗಿನ ಕಲ್ಲಿನ ಕಾಲುವೆಗೆ ನೇರವಾಗಿ ಬೀಳುವಂತೆ ಮಾಡಿದೆ. ಅಂಗಳದ ಕಡೆಗೆ ಗೋಡೆ ಎತ್ತರಿಸಿದರೆ ಬಿಸಿಲು ಕಡಿಮೆಯಾಗುತ್ತಿತ್ತು, ಅಲ್ಲಿ ಕಬ್ಬಿಣದ ತೆಳ್ಳಗಿನ ಕಟಕಟೆಯನ್ನಷ್ಟೇ ಇಟ್ಟೆ.

ಏಪ್ರಿಲಿನಲ್ಲಿ ಅಂಚಿಗೆ ಮಣ್ಣಿನ ಬದು ಕಟ್ಟಿಸಿ ತಾರಸಿಯ ತುಂಬ ನೀರು ನಿಲ್ಲಿಸಿದೆ. ಎರಡನೆಯ ದಿನ ಹಜಾರದ ಸೂರಿನಲ್ಲಿ, ಮೆಟ್ಟಿಲು ತಾರಸಿಯನ್ನು ಸೇರುವ ಕಡೆ, ಅಂಗೈಯಗಲದ ಒದ್ದೆ ಕಾಣಿಸಿಕೊಂಡಿತು.

"ಬಕೆಟ್ ತರ್ಲಾ ಮೇಡಂ?" ಎಂದ ರೈಟರ್.

ಮೇಸ್ತ್ರಿ ಮೇಲಿಂದ ಸಿಮೆಂಟು ಬಳಿದುಬಿಡೋಣ ಎಂದರು. ನಾನು ಒಪ್ಪಲಿಲ್ಲ. ನೀರು ಬಿಡಿಸಿ, ಆ ಮೂಲೆಯ ಹಾಸನ್ನು ಒಡೆಸಿ ಕಾಂಕ್ರೀಟಿನವರೆಗೆ ತೆಗೆಸಿದೆ. ಎರಡು ದಿನದ ಕೆಲಸಗಳ ನಡುವಿನ ಕೂಡುಗೆರೆ ಅಲ್ಲಿತ್ತು. ಅದನ್ನು ಕೆತ್ತಿಸಿ, ತುಂಬಿಸಿ, ಮೆಟ್ಟಿಲಿನ ಗೋಡೆಯ ಮೇಲೆ ಒಂದಡಿ ಏರುವಂತೆ ಹಾಸನ್ನು ಬಗ್ಗಿಸಿ ಹೊಸದಾಗಿ ಹಾಕಿಸಿ, ಮತ್ತೆ ನೀರು ನಿಲ್ಲಿಸಿದೆ. ಮೇಸ್ತ್ರಿ ಮುಖ ಗಂಟು ಹಾಕಿಕೊಂಡಿದ್ದರು. ಈ ಸಲ ಸೂರು ಒಣಗಿಯೇ ಇತ್ತು. ಅವರು ಅದನ್ನು ಕೈಯಿಂದ ಮುಟ್ಟಿ, ಕೈಯನ್ನು ಮೂಗಿಗೆ ಹಿಡಿದು ನೋಡಿ, ನನಗೊಂದು ವೀಳ್ಯದೆಲೆ ಕೊಟ್ಟರು. ನಾನು ಹಾಕುವುದಿಲ್ಲ, ಆದರೂ ತೆಗೆದುಕೊಂಡೆ.

ಆ ಮಳೆಗಾಲದಲ್ಲಿ ಕಚೇರಿಯ ಫೋನು ಹೊಡೆದಾಗಲೆಲ್ಲ ನನ್ನ ಕೈ ಬರೆಯುವುದನ್ನು ನಿಲ್ಲಿಸುತ್ತಿತ್ತು. ಯಜಮಾನರು ಮಾಡಿದ್ದು ಒಂದೇ ಕರೆ, ಆಗಸ್ಟಿನಲ್ಲಿ. ಎಂಜಿನಿಯರರು ಕೇಳಿಸಿಕೊಂಡು ಫೋನಿಟ್ಟರು. "ಅವರ ಭಾವನೂ ಮನೆ ಕಟ್ಟಿಸ್ತಾರಂತೆ. ಲೈನ್ ಮನೆ ಮಾಡ್ತಾರಲ್ಲ, ಆ ಮೇಡಮ್ಮೇ ಬರ್ಬೇಕಂತೆ" ಎಂದು ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು. ಅಂದು ಸಂಜೆ ನಾನು ಮನೆಗೆ ನಡೆದುಕೊಂಡೇ ಹೋದೆ.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಬಾಗಿಲುಗಳು ಮಳೆಯ ತೇವಕ್ಕೆ ಉಬ್ಬಿದ್ದವೇ ಎಂದು ನೋಡಬೇಕಿತ್ತು. ಬಿಸಿಲು ಲೆಕ್ಕದಂತೆ ಬೀಳುತ್ತದೆಯೇ ಎಂದೂ ನೋಡಬೇಕಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಆ ವರ್ಷ ಫಸಲು ಜೋರು. ಕಣದಲ್ಲಿ ಕಾಲಿಡಲು ಜಾಗವಿರಲಿಲ್ಲ, ದಾರಿಯ ಮೇಲೂ ಟಾರ್ಪಾಲು ಹಾಸಿ ಹಣ್ಣು ಹರಡಿದ್ದರು. ಜಗಲಿಯಲ್ಲಿ ಯಜಮಾನರು ವ್ಯಾಪಾರಿಯೊಬ್ಬರ ಜೊತೆ ಮಾತಿನಲ್ಲಿದ್ದರು, ಒಳಗೆ ಹೋಗುವಂತೆ ಕೈ ತೋರಿಸಿದರು.

ಹಜಾರ ದಾಟಿದೆ. ಅಂಗಳದ ಉತ್ತರದ ಅರ್ಧ ಬಿಸಿಲಿನಿಂದ ತುಂಬಿತ್ತು. ಊಟದ ಜಾಗದ ಬಾಗಿಲುಗಳೆಲ್ಲ ಮಡಚಿಕೊಂಡಿದ್ದವು, ಬಿಸಿಲು ಕಲ್ಲಿನ ನೆಲದ ಮೇಲೆ ನೇರವಾಗಿ ಒಳಗೆ ನಡೆದು ಹೋಗಿತ್ತು. ಹಿರಿಯ ಮಗಳು ಅರ್ಧ ಒಳಗೆ, ಅರ್ಧ ಹೊರಗೆ ಮಲಗಿ ಓದುತ್ತಿದ್ದಳು. ಮನೆಯೊಡತಿ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ಕೂದಲು ಕುರ್ಚಿಯ ಹಿಂದೆ ಇಳಿಬಿದ್ದಿತ್ತು. ನನ್ನ ಹೆಜ್ಜೆ ಕೇಳಿ, "ಬಂದ್ರಾ? ಕೂತ್ಕೊಳ್ಳಿ" ಎಂದರು. ಎದ್ದು ಬರಲಿಲ್ಲ. ಅದು ನನಗೆ ಸಂತೋಷ ಕೊಟ್ಟಿತು.

ನಾನು ಕೂತು ಸ್ವಲ್ಪ ಹೊತ್ತಾಗಿರಬೇಕು. ರೈಟರ್ ಹಜಾರದ ಬಾಗಿಲಲ್ಲಿ ಬಂದು ನಿಂತ. ಹೊರಗೆ ಅವನ ಹಿಂದೆ ಕುಕ್ಕೆ ಹೊತ್ತ ಇಬ್ಬರು.

"ಅಮ್ಮಾ, ಕಣ ತುಂಬೋಗಿದೆ. ಎರಡು ದಿನದ ಮಟ್ಟಿಗೆ ಸ್ವಲ್ಪ ಹಣ್ಣು ಇಲ್ಲಿ ಹರಡ್ಲಾ? ಒಳ್ಳೆ ಬಿಸ್ಲಿದೆ."

ಅವರು ಕಣ್ಣು ತೆರೆಯಲಿಲ್ಲ.

"ಇಲ್ಲಿ ಜಾಗ ಇಲ್ಲ."

ರೈಟರ್ ಖಾಲಿ ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ನನ್ನನ್ನು ನೋಡಿದ. ನಾನು ತಾರಸಿಯ ಕಡೆ ನೋಡುತ್ತಾ ಕೂತೆ. ಅವನು ತಿರುಗಿ ಹೋದ. ಜಗಲಿಯಿಂದ ಯಜಮಾನರ ದನಿ ಒಳಗಿನವರೆಗೂ ಕೇಳಿತು, ವ್ಯಾಪಾರಿಗೂ ಕೇಳಿಸಲೆಂದೇ ಸ್ವಲ್ಪ ಜೋರಾಗಿತ್ತು:

"ಕೇಳೋಕೆ ಹೋಗ್ಬೇಡ ಅಂತ ಹೇಳ್ಲಿಲ್ವನಾ ನಿಂಗೆ? ನಾನೇ ಕೇಳಲ್ಲ ಮಾರಾಯ!"